ಕನ್ನಡ ಮಾಧ್ಯಮದಿಂದ ಪಿಯು ವಿಜ್ಞಾನಕ್ಕೆ: ಪಠ್ಯದ ಇಂಗ್ಲಿಷ್ ಪದಗಳನ್ನು ಕಲಿಯುವ ಬಗೆ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗೆ ಓಮನ ನಿಯಮ ಹೊಸದೇನಲ್ಲ. ತಾಪ ಸ್ಥಿರವಾಗಿದ್ದಾಗ ವಾಹಕವೊಂದರ ತುದಿಗಳ ನಡುವಿನ ವಿಭವಾಂತರವು ಅದರಲ್ಲಿ ಹರಿಯುವ ವಿದ್ಯುತ್ ಪ್ರವಾಹಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂಬುದನ್ನು ಅವನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದಿರುತ್ತಾನೆ. ಅದರ ಮೇಲಿನ ಲೆಕ್ಕಗಳನ್ನೂ ಬಿಡಿಸಿರುತ್ತಾನೆ. ಪಿಯು ವಿಜ್ಞಾನ ವಿಭಾಗಕ್ಕೆ ಸೇರಿದ ಮೇಲೆ ಅದೇ ನಿಯಮ ಬೇರೊಂದು ವೇಷದಲ್ಲಿ ಎದುರಾಗುತ್ತದೆ: "ಪ್ರೊವೈಡೆಡ್ ದಟ್ ದಿ ಟೆಂಪರೇಚರ್ ರಿಮೇನ್ಸ್ ಕಾನ್‌ಸ್ಟಂಟ್, ದಿ ಪೊಟೆನ್ಷಿಯಲ್ ಡಿಫರೆನ್ಸ್ ಅಕ್ರಾಸ್ ಎ ಕಂಡಕ್ಟರ್ ಈಸ್ ಡೈರೆಕ್ಟ್ಲಿ ಪ್ರಪೋರ್ಷನಲ್ ಟು ದಿ ಕರೆಂಟ್ ಥ್ರೂ ಇಟ್."

ಈ ಸಾಲಿನಲ್ಲಿ 'ಪೊಟೆನ್ಷಿಯಲ್ ಡಿಫರೆನ್ಸ್' ಎಂಬುದು ನೋಡಲು ಭಾರವಾದ ಪದ. ಆದರೆ ಅದರಿಂದ ತೊಂದರೆಯಾಗುವುದು ಕಡಿಮೆ. ಅದು ಪಾಠದ ವಿಷಯವೇ ಆದ್ದರಿಂದ ಉಪನ್ಯಾಸಕರು ಅದನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತಾರೆ, ಚಿತ್ರ ಬಿಡಿಸುತ್ತಾರೆ, ವ್ಯಾಖ್ಯೆ ಹೇಳುತ್ತಾರೆ. ತೊಡಕಾಗುವುದು ಮೊದಲ ಎರಡು ಪದಗಳು. 'ಪ್ರೊವೈಡ್' ಎಂದರೆ ಒದಗಿಸು ಎಂದು ವಿದ್ಯಾರ್ಥಿ ಕಲಿತಿದ್ದಾನೆ. 'ತಾಪವನ್ನು ಒದಗಿಸಿದಾಗ' ಎಂದು ಅವನು ಓದಿಕೊಂಡರೆ ತಪ್ಪು ಅವನದೆನ್ನಲಾಗದು. ಆದರೆ ಆ ಕ್ಷಣದಲ್ಲಿ ನಿಯಮ ತಲೆಕೆಳಗಾಯಿತು. ತಾಪ ಬದಲಾಗಕೂಡದು ಎಂಬ ಷರತ್ತು ವಾಹಕವನ್ನು ಕಾಯಿಸಬೇಕು ಎಂಬ ಸೂಚನೆಯಾಗಿ ಮಾರ್ಪಟ್ಟಿತು. 'ಪ್ರೊವೈಡೆಡ್ ದಟ್' ಎಂದರೆ 'ಎಂಬ ಷರತ್ತಿಗೆ ಒಳಪಟ್ಟು' ಎಂದು ಭೌತಶಾಸ್ತ್ರದ ಉಪನ್ಯಾಸಕರು ಹೇಳುವುದಿಲ್ಲ, ಏಕೆಂದರೆ ಅದು ಭೌತಶಾಸ್ತ್ರವಲ್ಲ. ಇಂಗ್ಲಿಷ್ ಉಪನ್ಯಾಸಕರೂ ಹೇಳುವುದಿಲ್ಲ, ಏಕೆಂದರೆ ಅವರ ಪಠ್ಯದ ಕಥೆ, ಕವಿತೆಗಳಲ್ಲಿ ಈ ಪ್ರಯೋಗ ಬರುವುದು ಅಪರೂಪ. ಯಾರ ಪಾಲಿಗೂ ಸೇರದ ಇಂತಹ ಪದಗಳು ನೂರಾರಿವೆ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಕೆಲವು ತಿಂಗಳಲ್ಲಿ ಕಂಗೆಡುವುದು ಬಹುಮಟ್ಟಿಗೆ ಇವುಗಳಿಂದಲೇ. ವಿಷಯ ತಿಳಿದಿದ್ದೂ ತಮಗೆ ವಿಜ್ಞಾನವೇ ಹತ್ತುವುದಿಲ್ಲವೆಂದು ಎಣಿಸಿ ವಿಭಾಗ ಬದಲಿಸುವವರೂ ಉಂಟು.

ನೀಟ್ ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲಿಯೂ ದೊರೆಯುತ್ತಿದೆ. ಆದರೆ ಪ್ರವೇಶ ದೊರೆತ ನಂತರದ ಪುಸ್ತಕಗಳು ಇಂಗ್ಲಿಷಿನಲ್ಲಿಯೇ ಇವೆ. ಹೀಗಾಗಿ ಈ ಪದಗಳ ಕಲಿಕೆಯನ್ನು ಮುಂದೂಡಬಹುದೇ ಹೊರತು ತಪ್ಪಿಸಿಕೊಳ್ಳಲಾಗದು.

ಪದಗಳ ಲೆಕ್ಕಾಚಾರ

ಪಠ್ಯ ಓದಲು ಎಷ್ಟು ಪದಗಳು ಬೇಕು, ಯಾವುವು ಮೊದಲು ಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸಕ್ಕೆ ನಮ್ಮ ಉಪಖಂಡದ ನಂಟಿದೆ. ಭಾರತೀಯ ಶಿಕ್ಷಣ ಸೇವೆಯಲ್ಲಿದ್ದ ಮೈಕೆಲ್ ವೆಸ್ಟ್ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದಾಗ ಬಂಗಾಳದ ಮಕ್ಕಳ ಇಂಗ್ಲಿಷ್ ಕಲಿಕೆಯನ್ನು ಹತ್ತಿರದಿಂದ ನೋಡಿದರು. ಆ ಮಕ್ಕಳಿಗೆ ಮಾತಿಗಿಂತ ಮೊದಲು ಬೇಕಾದದ್ದು ಓದುವ ಶಕ್ತಿ ಎಂಬುದು ಅವರ ನಿಲುವು. ಈ ಕುರಿತ ಅವರ ವರದಿ 1926ರಲ್ಲಿ ಪ್ರಕಟವಾಯಿತು. ಮುಂದೆ 1953ರಲ್ಲಿ ಅವರು ಸುಮಾರು 2000 ಪದಗಳ ಸಾಮಾನ್ಯ ಬಳಕೆಯ ಪಟ್ಟಿಯೊಂದನ್ನು ಹೊರತಂದರು. ಆ ಪಟ್ಟಿಯ ವಿಶೇಷವೆಂದರೆ ಒಂದು ಪದಕ್ಕಿರುವ ಹಲವು ಅರ್ಥಗಳಲ್ಲಿ ಯಾವುದು ಎಷ್ಟು ಬಳಕೆಯಾಗುತ್ತದೆ ಎಂಬ ಲೆಕ್ಕವೂ ಅದರಲ್ಲಿದೆ. 'ಪ್ರೊವೈಡ್' ಪದವನ್ನು ಬಲ್ಲವನು 'ಪ್ರೊವೈಡೆಡ್ ದಟ್' ಎಂಬಲ್ಲಿ ಏಕೆ ಮುಗ್ಗರಿಸುತ್ತಾನೆ ಎಂಬುದಕ್ಕೆ ಕಾರಣ ಇಲ್ಲಿಯೇ ಇದೆ. ಪದ ಪರಿಚಿತ, ಅರ್ಥ ಅಪರಿಚಿತ.

ಎರಡನೆಯ ಪಟ್ಟಿ ನ್ಯೂಜಿಲೆಂಡಿನಿಂದ ಬಂದಿತು. ವೆಲಿಂಗ್ಟನ್ನಿನ ವಿಕ್ಟೋರಿಯಾ ವಿಶ್ವವಿದ್ಯಾನಿಲಯದಲ್ಲಿ ಎವ್ರಿಲ್ ಕಾಕ್ಸ್‌ಹೆಡ್ ಅವರು ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಎಂಬ ನಾಲ್ಕು ಶಾಖೆಗಳ, 28 ವಿಷಯಗಳ ಪಠ್ಯಗಳನ್ನು ಒಟ್ಟುಗೂಡಿಸಿ ಸುಮಾರು 35 ಲಕ್ಷ ಪದಗಳ ರಾಶಿಯನ್ನು ಗಣಕದಲ್ಲಿ ಜಾಲಾಡಿದರು. ವೆಸ್ಟರ ಪಟ್ಟಿಯಲ್ಲಿಲ್ಲದ, ಆದರೆ ಎಲ್ಲ ಶಾಖೆಗಳಲ್ಲಿಯೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳು ಅವರಿಗೆ ದೊರೆತವು. 2000ದಲ್ಲಿ ಪ್ರಕಟವಾದ ಈ ಪಟ್ಟಿಯ ಪದಗಳು ಪಠ್ಯದ ನೂರು ಪದಗಳಲ್ಲಿ ಸುಮಾರು ಹತ್ತರಷ್ಟು ಇರುತ್ತವೆ. ಕಥೆ ಕಾದಂಬರಿಗಳಲ್ಲಿ ಅವುಗಳ ಪ್ರಮಾಣ ನೂರಕ್ಕೆ ಒಂದೂವರೆಯನ್ನೂ ಮುಟ್ಟುವುದಿಲ್ಲ.

ಈ ಒಂದು ಅಂಕಿ ಬಹಳಷ್ಟನ್ನು ಹೇಳುತ್ತದೆ. ಇಂಗ್ಲಿಷ್ ಕಥೆಪುಸ್ತಕ ಓದಿದರೆ ಎಲ್ಲವೂ ತಾನಾಗಿ ಬರುತ್ತದೆ ಎಂಬ ಹಿರಿಯರ ಸಲಹೆ ಒಳ್ಳೆಯದೇ, ಆದರೆ ಈ ಕೆಲಸಕ್ಕೆ ಸಾಲದು. ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ತೂಗುಹಾಕಿರುವ 'ಮೂವತ್ತು ದಿನಗಳಲ್ಲಿ ಇಂಗ್ಲಿಷ್' ಮಾದರಿಯ ಪುಸ್ತಕಗಳಾಗಲಿ, ಸ್ಪೋಕನ್ ಇಂಗ್ಲಿಷ್ ತರಗತಿಗಳಾಗಲಿ ಇದಕ್ಕೆ ಒದಗುವುದಿಲ್ಲ. ಅಲ್ಲಿ ಕಲಿಸುವುದು ಹೋಟೆಲಿನಲ್ಲಿ, ಬ್ಯಾಂಕಿನಲ್ಲಿ, ಸಂದರ್ಶನದಲ್ಲಿ ಆಡುವ ಮಾತನ್ನು. 'ಅಸ್ಯೂಮ್', 'ಡಿರೈವ್', 'ಕನ್ಸಿಸ್ಟ್', 'ಇಂಡಿಕೇಟ್', 'ಇನ್‌ವಾಲ್ವ್', 'ವೇರಿ' ಇವು ಕಾಕ್ಸ್‌ಹೆಡ್ ಪಟ್ಟಿಯ ಮೊದಲ ಅರವತ್ತರಲ್ಲಿರುವ ಪದಗಳು. ಹೋಟೆಲಿನಲ್ಲಿ ಇವುಗಳ ಅಗತ್ಯ ಯಾರಿಗೂ ಬೀಳದು.

ಪಟ್ಟಿಯನ್ನು ಹಾಗೆಯೇ ಉರುಹೊಡೆಯಲು ಹೊರಡುವವರಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆನ್ ಹೈಲ್ಯಾಂಡ್ ಮತ್ತು ಪಾಲಿ ತ್ಸೆ ಎಂಬ ವಿದ್ವಾಂಸರು 2007ರಲ್ಲಿ ಈ ಪಟ್ಟಿಯನ್ನು ಪರೀಕ್ಷೆಗೆ ಒಡ್ಡಿ, ಒಂದೇ ಪದ ಬೇರೆ ಬೇರೆ ಶಾಸ್ತ್ರಗಳಲ್ಲಿ ಬೇರೆ ಬೇರೆ ಅರ್ಥದಲ್ಲಿ ನಡೆದುಕೊಳ್ಳುತ್ತದೆ ಎಂದು ತೋರಿಸಿದರು. 'ವಾಲ್ಯೂಮ್' ಎಂಬುದು ರಸಾಯನಶಾಸ್ತ್ರದಲ್ಲಿ ಗಾತ್ರ, ಗ್ರಂಥಾಲಯದಲ್ಲಿ ಸಂಪುಟ. ಆದ್ದರಿಂದ ಪಟ್ಟಿಯನ್ನು ಯಾವ ಪದ ಕಲಿಯಲು ಯೋಗ್ಯ ಎಂದು ತೀರ್ಮಾನಿಸಲು ಬಳಸಬೇಕು; ಪದವನ್ನು ಮಾತ್ರ ಸ್ವಂತ ಪಠ್ಯಪುಸ್ತಕದ ವಾಕ್ಯದಿಂದಲೇ ಎತ್ತಿಕೊಳ್ಳಬೇಕು.

ಕನ್ನಡ ಪಠ್ಯದ ಗಂಟು

ಕಾಕ್ಸ್‌ಹೆಡ್ ಪಟ್ಟಿಯ ಪದಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಿನವು ಲ್ಯಾಟಿನ್ ಅಥವಾ ಗ್ರೀಕ್ ಮೂಲದವು. ಇಂಗ್ಲಿಷರ ಮನೆಮಾತಿನ ಪದಗಳು ಚಿಕ್ಕವು, ಶಾಸ್ತ್ರದ ಪದಗಳು ಎರವಲು ತಂದ ಉದ್ದನೆಯವು. ಕನ್ನಡದ ಸ್ಥಿತಿಯೂ ಇದೇ. ಮನೆಯಲ್ಲಿ 'ಬಿಸಿ', ಪುಸ್ತಕದಲ್ಲಿ 'ಉಷ್ಣ'; ಮನೆಯಲ್ಲಿ 'ಬೆಳಕು', ಪುಸ್ತಕದಲ್ಲಿ 'ದ್ಯುತಿ'. ಅವರಿಗೆ ಲ್ಯಾಟಿನ್, ಗ್ರೀಕ್ ಇದ್ದಂತೆ ನಮಗೆ ಸಂಸ್ಕೃತ. ಕನ್ನಡ ಮಾಧ್ಯಮದ ವಿದ್ಯಾರ್ಥಿ ಹತ್ತು ವರ್ಷ ಈ ಎರಡು ಅಂತಸ್ತುಗಳ ನಡುವೆ ಹತ್ತಿ ಇಳಿದಿರುತ್ತಾನೆ. ಅವನ ಬಳಿ ಇರುವ ದೊಡ್ಡ ಬಂಡವಾಳ ಇದು. ಅದನ್ನು ಬಂಡವಾಳವೆಂದು ಅವನಿಗೆ ಹೇಳಿಕೊಡುವವರು ಮಾತ್ರ ಕಡಿಮೆ.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದ ಕಾಲದಿಂದ ಕನ್ನಡದಲ್ಲಿ ವಿಜ್ಞಾನ ಬರೆದವರು ಪದಗಳನ್ನು ಹುಡುಕುತ್ತಲೇ ಬಂದಿದ್ದಾರೆ. ಭಾರತೀಯ ಭಾಷೆಗಳ ಪರಿಭಾಷೆಯಲ್ಲಿ ಎಷ್ಟೋ ಪದಗಳು ಯುರೋಪಿನ ಪದವನ್ನು ಬಿಡಿಸಿ, ಅದರ ಭಾಗಗಳಿಗೆ ಸಂಸ್ಕೃತದ ಭಾಗಗಳನ್ನು ಹೊಂದಿಸಿ ಕಟ್ಟಿದವು. 'ಫೋಟೋಸಿಂಥೆಸಿಸ್' ಎಂಬಲ್ಲಿ 'ಫೋಟೋ' ಎಂದರೆ ಬೆಳಕು, 'ಸಿಂಥೆಸಿಸ್' ಎಂದರೆ ಕೂಡಿಸಿ ಕಟ್ಟುವುದು. ದ್ಯುತಿಸಂಶ್ಲೇಷಣೆಯಲ್ಲಿಯೂ ಅವೇ ಎರಡು ಭಾಗಗಳು ಅದೇ ಕ್ರಮದಲ್ಲಿ ಕುಳಿತಿವೆ. 'ಐಸೊಟೋಪ್' ಎಂದರೆ ಗ್ರೀಕಿನಲ್ಲಿ ಸಮಾನ ಸ್ಥಾನ. ಆವರ್ತಕೋಷ್ಟಕದಲ್ಲಿ ಒಂದೇ ಮನೆಯಲ್ಲಿ ಕೂರುವ ಪರಮಾಣುಗಳು ಎಂಬ ಅರ್ಥ. ಕನ್ನಡದ 'ಸಮಸ್ಥಾನಿ' ಅದರ ಪಡಿಯಚ್ಚು. ಹೈಡ್ರೋಜನ್ ನೀರನ್ನು ಹುಟ್ಟಿಸುವುದು, ಜಲಜನಕ. ಆಕ್ಸಿಜನ್ ಆಮ್ಲವನ್ನು ಹುಟ್ಟಿಸುವುದು, ಆಮ್ಲಜನಕ. ಆಮ್ಲಗಳಿಗೆಲ್ಲ ಆಕ್ಸಿಜನ್ನೇ ಕಾರಣವೆಂಬ ಲವಾಸಿಯೆಯ ಊಹೆ ಮುಂದೆ ತಪ್ಪೆಂದು ತಿಳಿದುಬಂದರೂ ಎರಡೂ ಭಾಷೆಗಳಲ್ಲಿ ಹೆಸರು ಉಳಿದುಕೊಂಡಿತು. 'ಸೆಂಟ್ರಿಪೀಟಲ್' ಕೇಂದ್ರವನ್ನು ಅರಸುವುದು, ಕೇಂದ್ರಾಭಿಮುಖ. 'ಸೆಂಟ್ರಿಫ್ಯೂಗಲ್' ಕೇಂದ್ರದಿಂದ ಓಡುವುದು, ಕೇಂದ್ರಾಪಗಾಮಿ. ರೇಖಾಗಣಿತದ 'ಈಕ್ವಿಲ್ಯಾಟರಲ್' ಸಮಬಾಹುವೇ.

ಈ ಜೋಡಿಗಳನ್ನು ಬಿಡಿಸಿ ನೋಡುವ ಅಭ್ಯಾಸವಾದರೆ ಪದದ ತುಣುಕುಗಳು ಕೈವಶವಾಗುತ್ತವೆ. 'ಇಂಟರ್' ಇದ್ದೆಡೆ 'ಅಂತರ', 'ಸಬ್' ಇದ್ದೆಡೆ 'ಉಪ', 'ಕೋ' ಇದ್ದೆಡೆ 'ಸಹ', 'ರೀ' ಇದ್ದೆಡೆ 'ಪುನರ್', 'ಮೋನೋ', 'ಯೂನಿ' ಇದ್ದೆಡೆ 'ಏಕ', 'ಪಾಲಿ', 'ಮಲ್ಟಿ' ಇದ್ದೆಡೆ 'ಬಹು', 'ಐಸೋ', 'ಈಕ್ವಿ' ಇದ್ದೆಡೆ 'ಸಮ'. ಪದದ ಮುಂಭಾಗ ಹೀಗೆ ಬಿಚ್ಚಿಕೊಂಡರೆ ಉಳಿದರ್ಧವನ್ನು ವಾಕ್ಯದಿಂದ ಊಹಿಸಬಹುದು. ಎಲ್ಲ ಕಡೆಯೂ ಈ ಹೊಂದಾಣಿಕೆ ನಡೆಯದು ಎಂಬುದೂ ನೆನಪಿರಲಿ. 'ನೈಟ್ರೋಜನ್' ಎಂಬುದರಲ್ಲಿ ಪೆಟ್ಲುಪ್ಪಿನ ಸಂಬಂಧವಿದೆ. ಕನ್ನಡದ 'ಸಾರಜನಕ' ಬೇರೆಯೇ ಗುಣವನ್ನು ಹಿಡಿದು ಇಟ್ಟ ಹೆಸರು.

ಪಾರಿಭಾಷಿಕ ಪದಗಳಿಗಿಂತ ಹೆಚ್ಚಾಗಿ ನಡುವಿನ ಪದಗಳಿಗೆ ಕನ್ನಡ ಪಠ್ಯವೇ ನೆರವಾಗುತ್ತದೆ. ಗಣಿತದಲ್ಲಿ ನೂರು ಸಲ ಓದಿದ 'ಎಂದಿರಲಿ' ಇಂಗ್ಲಿಷಿನಲ್ಲಿ 'ಲೆಟ್' ಆಗುತ್ತದೆ. 'ಎಂದು ಭಾವಿಸಿ' ಎಂಬುದು 'ಅಸ್ಯೂಮ್'. 'ಆದ್ದರಿಂದ' ಎಂಬುದು 'ಹೆನ್ಸ್' ಅಥವಾ 'ದೇರ್‌ಫೋರ್'. 'ಕ್ರಮವಾಗಿ' ಎಂಬುದು 'ರೆಸ್ಪೆಕ್ಟಿವ್ಲಿ'. ಕೊನೆಯ ಈ ಪದವನ್ನೇ ನೋಡಬಹುದು. ಎ ಮತ್ತು ಬಿ ಎಂಬ ಬಿಂದುಗಳ ವಿಭವ ಕ್ರಮವಾಗಿ 10 ಮತ್ತು 6 ವೋಲ್ಟ್ ಎಂಬ ಲೆಕ್ಕದಲ್ಲಿ ಹತ್ತು ಯಾವುದರದು, ಆರು ಯಾವುದರದು ಎಂದು ಹೇಳುವುದು ಆ ಒಂದು ಪದ. ಇಂಗ್ಲಿಷಿನ 'ರೆಸ್ಪೆಕ್ಟ್' ಎಂದರೆ ಗೌರವ ಎಂದು ಮಾತ್ರ ಬಲ್ಲವನಿಗೆ ಲೆಕ್ಕದಲ್ಲಿ ಗೌರವವೆಲ್ಲಿಂದ ಬಂತು ಎಂಬ ಸೋಜಿಗ ಉಳಿಯುತ್ತದೆ.

ಹೀಗಾಗಿ ಮೊದಲ ಪುಸ್ತಕ ಯಾವುದಿರಬೇಕು ಎಂಬುದಕ್ಕೆ ಉತ್ತರ ಸರಳ: ಈಗಾಗಲೇ ಓದಿ ಮುಗಿಸಿದ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ, ಇಂಗ್ಲಿಷ್ ಮಾಧ್ಯಮದ ಪ್ರತಿ. ಕರ್ನಾಟಕ ಪಠ್ಯಪುಸ್ತಕ ಸಂಘ ಎರಡೂ ಮಾಧ್ಯಮಗಳ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇರಿಸಿದೆ. ಪಾಠ ಒಂದೇ, ಚಿತ್ರ ಒಂದೇ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್ ಇಟ್ಟುಕೊಂಡು ಕಂಡಿಕೆಗೆ ಕಂಡಿಕೆ ಹೊಂದಿಸಿ ಓದಿದರೆ ವಿಷಯದ ಭಾರವಿಲ್ಲದೆ ಭಾಷೆಯನ್ನಷ್ಟೇ ಗಮನಿಸಲು ಸಾಧ್ಯವಾಗುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಕಾಲೇಜು ತೆರೆಯುವವರೆಗಿನ ರಜೆಯಲ್ಲಿ ನಾಲ್ಕೈದು ಅಧ್ಯಾಯಗಳನ್ನು ಹೀಗೆ ಮುಗಿಸಬಹುದು. ಹೊಸ ವಿಷಯವನ್ನೂ ಹೊಸ ಭಾಷೆಯನ್ನೂ ಒಟ್ಟಿಗೆ ಹೊರುವುದಕ್ಕಿಂತ ಇದು ಹಗುರ.

ಬೀದಿಯಲ್ಲಿ ಕಲಿತ ಇಂಗ್ಲಿಷ್

ಕನ್ನಡಿಗರ ದಿನನಿತ್ಯದ ಮಾತಿನಲ್ಲಿ ಇಂಗ್ಲಿಷ್ ಪದಗಳಿಗೇನೂ ಬರವಿಲ್ಲ. ಆದರೆ ಅವು ಬರುವಾಗ ಒಂದೇ ಅರ್ಥವನ್ನು ಹೊತ್ತು ಬಂದಿವೆ. 'ಕಂಡಕ್ಟರ್' ಎಂದರೆ ಬಸ್ಸಿನಲ್ಲಿ ಚೀಟಿ ಕೊಡುವವರು. ಭೌತಶಾಸ್ತ್ರದ ಕಂಡಕ್ಟರ್ ತಾಮ್ರದ ತಂತಿ. ಕನ್ನಡದಲ್ಲಿ ಮೊದಲನೆಯವರು ನಿರ್ವಾಹಕರು, ಎರಡನೆಯದು ವಾಹಕ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. 'ಕರೆಂಟ್ ಹೋಯಿತು' ಎನ್ನುವಾಗ ಅದು ವಿದ್ಯುತ್ ಪೂರೈಕೆ. ಪಾಠದಲ್ಲಿ ಅದು ಪ್ರವಾಹ, ನೀರಿನ ಪ್ರವಾಹವನ್ನೂ ಇಂಗ್ಲಿಷರು ಅದೇ ಹೆಸರಿನಿಂದ ಕರೆಯುತ್ತಾರೆ. ಸೈಕಲ್ ಅಂಗಡಿಯಲ್ಲಿ 'ಸೊಲ್ಯೂಶನ್' ಎಂದರೆ ಪಂಕ್ಚರ್ ಹಾಕುವ ಅಂಟು, ರಸಾಯನಶಾಸ್ತ್ರದಲ್ಲಿ ದ್ರಾವಣ, ಗಣಿತದಲ್ಲಿ ಪರಿಹಾರ. ಅಂಗಡಿಯ ಅಂಟಿಗೆ ಆ ಹೆಸರು ಬಂದದ್ದು ಅದು ರಬ್ಬರಿನ ದ್ರಾವಣವಾದ್ದರಿಂದಲೇ ಎಂದು ತಿಳಿದರೆ ಪದ ಮರೆಯುವುದಿಲ್ಲ. 'ಸೆಲ್' ಬ್ಯಾಟರಿಯೊಳಗಿನದು, ಜೀವಶಾಸ್ತ್ರದಲ್ಲಿ ಜೀವಕೋಶ. 'ಟೆನ್ಷನ್' ಪರೀಕ್ಷೆಯ ಮುಂಚೆ ಆಗುವುದು. ಭೌತಶಾಸ್ತ್ರದಲ್ಲಿ ಹಗ್ಗದ ಎಳೆತ. 'ಅಪ್ಲಿಕೇಶನ್' ಅರ್ಜಿಯಷ್ಟೇ ಅಲ್ಲ, ಅನ್ವಯವೂ ಹೌದು. 'ಪ್ಲಾಟ್' ಎಂಬುದು ನಿವೇಶನ. ನಕ್ಷೆಯ ಹಾಳೆಯ ಮೇಲೆ ಬಿಂದು ಗುರುತಿಸುವುದೂ ಅದೇ. ಪಿಯು ಮೊದಲ ವರ್ಷದ ಭೌತಶಾಸ್ತ್ರದ ಆರಂಭದಲ್ಲಿಯೇ ಬರುವ 'ಸಿಗ್ನಿಫಿಕೆಂಟ್ ಫಿಗರ್ಸ್' ಎಂಬುದು ಮುಖ್ಯವಾದ ಚಿತ್ರಗಳಲ್ಲ. ಅಳತೆಯಲ್ಲಿ ನೆಚ್ಚಬಹುದಾದ ಅಂಕಿಗಳು.

ಇಂತಹ ಪದಗಳೇ ಹೆಚ್ಚು ಅಪಾಯಕಾರಿ. ಗೊತ್ತಿಲ್ಲದ ಪದವಾದರೆ ವಿದ್ಯಾರ್ಥಿ ನಿಂತು ನೋಡುತ್ತಾನೆ. ಗೊತ್ತಿದೆ ಎಂದುಕೊಂಡ ಪದವಾದರೆ ನಿಲ್ಲದೆ ಮುಂದೆ ಹೋಗುತ್ತಾನೆ.

ಪದದ ಜೊತೆಗಾರರು

ಪದದ ಅರ್ಥ ತಿಳಿದ ಮೇಲೂ ಅದನ್ನು ಬರೆಯುವಾಗ ತಪ್ಪುಗಳಾಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಕಾರಣ ನಮ್ಮ ವಿಭಕ್ತಿಗಳು. ಕನ್ನಡದಲ್ಲಿ 'ಅವಲಂಬಿಸು' ಎಂಬುದಕ್ಕೆ ದ್ವಿತೀಯಾ ವಿಭಕ್ತಿ: ರೋಧವು ತಂತಿಯ ಉದ್ದವನ್ನು ಅವಲಂಬಿಸಿದೆ. ಇಂಗ್ಲಿಷಿನ 'ಡಿಪೆಂಡ್' ತನ್ನ ಬೆನ್ನಿಗೆ 'ಆನ್' ಎಂಬುದನ್ನು ಕೇಳುತ್ತದೆ. ಕನ್ನಡದಲ್ಲಿ ಯೋಚಿಸಿ ಬರೆಯುವವನು ಅದನ್ನು ಬಿಟ್ಟುಬಿಡುತ್ತಾನೆ. ಇದರ ವಿರುದ್ಧವೂ ಉಂಟು. ನಾವು ಒಂದು ವಿಷಯದ 'ಬಗ್ಗೆ' ಚರ್ಚಿಸುತ್ತೇವೆ. ಇಂಗ್ಲಿಷಿನ 'ಡಿಸ್ಕಸ್' ಪದಕ್ಕೆ 'ಅಬೌಟ್' ಬೇಕಿಲ್ಲ. 'ಕನ್ಸಿಸ್ಟ್' ಪದಕ್ಕೆ 'ಆಫ್' ಬೇಕು, ಅದೇ ಅರ್ಥದ 'ಕಂಪ್ರೈಸ್' ಎಂಬುದಕ್ಕೆ ಬೇಡ. 'ಪ್ರಪೋರ್ಷನಲ್' ಪದದ ಜೊತೆಗೆ 'ಟು'; ಇಲ್ಲಿ ಮಾತ್ರ ಕನ್ನಡದ ಚತುರ್ಥಿ ನೆರವಿಗೆ ಬರುತ್ತದೆ, ಪ್ರವಾಹ'ಕ್ಕೆ' ಅನುಪಾತದಲ್ಲಿ ಎನ್ನುತ್ತೇವಲ್ಲ. ಹೀಗಾಗಿ ಒಂಟಿ ಪದವನ್ನು ಬರೆದಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. 'ಡಿಪೆಂಡ್ಸ್ ಆನ್' ಎಂದೇ ಬರೆದುಕೊಳ್ಳಬೇಕು.

ಪದದ ಕುಟುಂಬವನ್ನೂ ಒಟ್ಟಿಗೆ ಕಲಿಯುವುದು ಮೇಲು. 'ವೇರಿ' ಬದಲಾಗು, 'ವೇರಿಯೇಷನ್' ಬದಲಾವಣೆ, 'ವೇರಿಯಬಲ್' ಚರಾಕ್ಷರ. 'ಡಿರೈವ್' ಪದದ ಸಂತಾನ ಇನ್ನೂ ವಿಚಿತ್ರ: 'ಡೆರಿವೇಷನ್' ಎಂದರೆ ಸೂತ್ರವನ್ನು ಸಾಧಿಸುವ ಬಗೆ, 'ಡೆರಿವೇಟಿವ್' ಎಂದರೆ ಕಲನಶಾಸ್ತ್ರದಲ್ಲಿ ನಿಷ್ಪನ್ನ, ಸಾವಯವ ರಸಾಯನಶಾಸ್ತ್ರದಲ್ಲಿ ಒಂದು ಸಂಯುಕ್ತದಿಂದ ಹುಟ್ಟಿದ ಇನ್ನೊಂದು ಸಂಯುಕ್ತ.

ನೆನಪಿನಲ್ಲಿ ಉಳಿಸುವುದು

ನಿಘಂಟು ನೋಡಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಅರ್ಥ ಬರೆದುಕೊಳ್ಳುವುದು ಎಲ್ಲರ ರೂಢಿ. ಇದರ ತೊಂದರೆ ಎಂದರೆ ಮುಂದಿನ ಸಲ ಆ ಪುಟ ತೆರೆದಾಗ ಕಣ್ಣು ನೇರವಾಗಿ ಅರ್ಥದ ಮೇಲೆ ಬೀಳುತ್ತದೆ. ನೆನಪು ಮಾಡಿಕೊಳ್ಳುವ ಶ್ರಮವೇ ತಪ್ಪಿಹೋಗುತ್ತದೆ. ಆ ಶ್ರಮದಲ್ಲಿಯೇ ಕಲಿಕೆ ಇದೆ ಎಂಬುದನ್ನು ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಚೆನ್ನಾಗಿ ತೋರಿಸಿತು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಪಾಠವನ್ನು ಮರಳಿ ಓದಿದರು. ಉಳಿದವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮರಳಿ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಬೆಳಿಗ್ಗೆ ಒದಗಿ ಮುಂದಿನ ತಿಂಗಳು ಮಾಯವಾಗುವುದು ಯಾಕೆಂದು ಇದರಿಂದ ತಿಳಿಯುತ್ತದೆ.

ಮರೆವಿನ ವೇಗವನ್ನು ಮೊದಲು ಅಳೆದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಕಾಲದ ನಂತರ ಎಷ್ಟು ಉಳಿಯುತ್ತದೆ ಎಂದು ಲೆಕ್ಕವಿಟ್ಟು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಗಂಟೆಗಳಲ್ಲಿ ಮರೆವು ಅತಿ ವೇಗ, ಅನಂತರ ನಿಧಾನ. ಆದ್ದರಿಂದ ಮೊದಲ ಪುನರಾವರ್ತನೆ ಅದೇ ದಿನ ಅಥವಾ ಮರುದಿನ ಆಗಬೇಕು, ಮುಂದಿನವು ದೂರದೂರವಿರಬಹುದು. ಇದನ್ನು ಕೈಯಲ್ಲಿ ಮಾಡಲು ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಒಂದು ಪೆಟ್ಟಿಗೆಯ ಉಪಾಯ ಹೇಳಿದರು. ಪೆಟ್ಟಿಗೆಯಲ್ಲಿ ನಾಲ್ಕೈದು ಖಾನೆಗಳು. ಹೊಸ ಚೀಟಿ ಮೊದಲ ಖಾನೆಯಲ್ಲಿ. ನೆನಪಾದರೆ ಮುಂದಿನ ಖಾನೆಗೆ ಬಡ್ತಿ. ಮರೆತಿದ್ದರೆ ಎಲ್ಲಿದ್ದರೂ ಮೊದಲ ಖಾನೆಗೆ ವಾಪಸು. ಮೊದಲ ಖಾನೆಯನ್ನು ದಿನವೂ, ಎರಡನೆಯದನ್ನು ಎರಡು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ನೋಡಬೇಕು. ಇಂದು ಇದೇ ಕೆಲಸವನ್ನು ಮೊಬೈಲಿನ ತಂತ್ರಾಂಶಗಳು ಮಾಡುತ್ತವೆ. ಆದರೆ ಮೊಬೈಲ್ ಕೈಗೆತ್ತಿಕೊಂಡವನು ಪದ ನೋಡಿ ಕೆಳಗಿಡುತ್ತಾನೆ ಎಂಬ ನಂಬಿಕೆ ಎಲ್ಲ ಮನೆಗಳಲ್ಲಿಯೂ ಇಲ್ಲ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಚೌಕವಾಗಿ ಕತ್ತರಿಸಿದರೆ ಗಟ್ಟಿಯಾದ ಚೀಟಿಗಳಾಗುತ್ತವೆ, ಪಾದರಕ್ಷೆಯ ರಟ್ಟಿನ ಡಬ್ಬಿ ಪೆಟ್ಟಿಗೆಯಾಗುತ್ತದೆ; ಖರ್ಚಿಲ್ಲ.

ಚೀಟಿಯ ಒಂದು ಬದಿಯಲ್ಲಿ ಇಂಗ್ಲಿಷ್ ಪದವಿರುವ ಪಠ್ಯದ ವಾಕ್ಯ, ಪದದ ಕೆಳಗೆ ಗೆರೆ. ಇನ್ನೊಂದು ಬದಿಯಲ್ಲಿ ಕನ್ನಡ ಅರ್ಥ, ಕುಟುಂಬದ ಇತರ ಪದಗಳು, ಜೊತೆಗಾರ ಪದ. ಅಷ್ಟು ಸಾಕು. ಒಂದು ತಿಂಗಳ ನಂತರ ಚೀಟಿಯನ್ನು ತಿರುಗಿಸಿ, ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಅಭ್ಯಾಸ ಮಾಡಬೇಕು. ಓದಿ ಗುರುತಿಸುವುದಕ್ಕಿಂತ ಬರೆಯಲು ನೆನಪಿಸಿಕೊಳ್ಳುವುದು ಕಠಿಣ, ಪರೀಕ್ಷೆಗೆ ಬೇಕಾದದ್ದು ಅದೇ. ದಿನಕ್ಕೆ ಐದು ಪದಕುಟುಂಬಗಳ ಲೆಕ್ಕದಲ್ಲಿ 570ನ್ನು ಮುಗಿಸಲು 114 ದಿನಗಳು. ಪುನರಾವರ್ತನೆ, ಕಿರುಪರೀಕ್ಷೆ, ಹಬ್ಬ, ಜ್ವರ ಎಲ್ಲ ಸೇರಿದರೂ ಒಂದು ಶೈಕ್ಷಣಿಕ ವರ್ಷದೊಳಗೆ ಆಗುವ ಕೆಲಸ. ದಿನಕ್ಕೆ ಮೂವತ್ತು ಪದ ಎಂದು ಹೊರಡುವವರು ಸಾಮಾನ್ಯವಾಗಿ ಎರಡನೆಯ ವಾರ ದಾಟುವುದಿಲ್ಲ.

ನಿಘಂಟುಗಳ ಬಗ್ಗೆ ಎರಡು ಮಾತು. ಇಂಗ್ಲಿಷ್–ಕನ್ನಡ ನಿಘಂಟು ಬೇಕೇ ಬೇಕು. ಅದನ್ನು ನೋಡುವುದು ಕೀಳೆಂದು, ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಕಲಿಯಬೇಕೆಂದು ಕೆಲವರು ಹೇಳುವುದುಂಟು. ಅರ್ಥವನ್ನು ತಾಯ್ನುಡಿಯಲ್ಲಿ ಒಮ್ಮೆ ಹಿಡಿದುಕೊಳ್ಳುವುದರಿಂದ ಹಾನಿಯೇನೂ ಇಲ್ಲ, ಕಾಲ ಉಳಿಯುತ್ತದೆ. ಪದದ ಬಳಕೆ ತಿಳಿಯಲು ಮಾತ್ರ ಕಲಿಯುವವರಿಗಾಗಿಯೇ ರಚಿಸಿದ ಇಂಗ್ಲಿಷ್ ನಿಘಂಟು ಉತ್ತಮ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಅಲ್ಲಿನ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. ಆಕ್ಸ್‌ಫರ್ಡಿನ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟು ಅದರ ಮುಂದುವರಿಕೆ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಎಲ್ಲ ಪದಗಳ ಅರ್ಥವನ್ನೂ ಸುಮಾರು 2000 ಸರಳ ಪದಗಳಲ್ಲಿಯೇ ವಿವರಿಸುವ ಕಟ್ಟುಪಾಡು ಹಾಕಿಕೊಂಡಿತು. ಇವುಗಳ ಹಳೆಯ ಮುದ್ರಣಗಳೂ ಈ ಕೆಲಸಕ್ಕೆ ಸಾಕು. ಕನ್ನಡ ಪದಕ್ಕೆ ಇಂಗ್ಲಿಷ್ ಹುಡುಕುವವರಿಗೆ ವಿ. ಕೃಷ್ಣ ಅವರ 'ಅಲರ್' ನಿಘಂಟು 2019ರಿಂದ ಅಂತರ್ಜಾಲದಲ್ಲಿ ದೊರೆಯುತ್ತಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ 'ಭಾರತವಾಣಿ'ಯಲ್ಲಿಯೂ ಹಲವು ನಿಘಂಟುಗಳಿವೆ.

ಕಿವಿಗೂ ಕಲಿಸಬೇಕು. ಪುಟದಲ್ಲಿ ಗುರುತಿಸುವ ಪದವನ್ನು ಪಾಠ ಕೇಳುವಾಗ ಗುರುತಿಸಲಾಗದೆ ಹೋಗುವುದು ಸಾಮಾನ್ಯ. ಬರೆದಂತೆ ಓದುವ ಕನ್ನಡದ ಅಭ್ಯಾಸ ಇಲ್ಲಿ ಕೈಕೊಡುತ್ತದೆ. 'ಡಿಟರ್ಮಿನ್' ಎಂಬುದನ್ನು 'ಡಿಟರ್ಮೈನ್' ಎಂದು ಓದಿ ಕಲಿತವನಿಗೆ ಉಪನ್ಯಾಸಕರ ಬಾಯಿಯ ಪದ ಹೊಸದಾಗಿ ಕೇಳಿಸುತ್ತದೆ. ಅಂತರ್ಜಾಲದ ನಿಘಂಟುಗಳಲ್ಲಿ ಉಚ್ಚಾರಣೆ ಕೇಳುವ ಸೌಲಭ್ಯವಿದೆ; ಚೀಟಿ ಬರೆಯುವಾಗಲೇ ಒಮ್ಮೆ ಕೇಳಿ, ಕನ್ನಡ ಲಿಪಿಯಲ್ಲಿ ಪಕ್ಕಕ್ಕೆ ಬರೆದುಕೊಂಡರೆ ಸಾಕು. ಕನ್ನಡ ಲಿಪಿ ಈ ಕೆಲಸಕ್ಕೆ ಇಂಗ್ಲಿಷ್ ಲಿಪಿಗಿಂತ ಎಷ್ಟೋ ಮೇಲು.

ಪ್ರಶ್ನೆಪತ್ರಿಕೆಯ ಕ್ರಿಯಾಪದಗಳು

ಎಲ್ಲಕ್ಕಿಂತ ಮೊದಲು ಕಲಿಯಬೇಕಾದ ಹತ್ತು ಹದಿನೈದು ಪದಗಳು ಪ್ರಶ್ನೆಪತ್ರಿಕೆಯಲ್ಲಿಯೇ ಇವೆ. ಅವು ಏನು ಮಾಡಬೇಕೆಂದು ಆಜ್ಞಾಪಿಸುವ ಕ್ರಿಯಾಪದಗಳು. 'ಡಿಫೈನ್' ಎಂದರೆ ವ್ಯಾಖ್ಯೆ ಕೊಡಿ. ಒಂದೆರಡು ವಾಕ್ಯ ಸಾಕು. 'ಎಕ್ಸ್‌ಪ್ಲೇನ್' ಎಂದರೆ ಹೇಗೆ, ಏಕೆ ಎಂದು ಬಿಡಿಸಿ ಹೇಳಿ. 'ಡಿಸ್ಟಿಂಗ್ವಿಶ್' ಎಂದಾಗ ಎರಡರ ಬಗೆಗೂ ಬೇರೆ ಬೇರೆ ಟಿಪ್ಪಣಿ ಬರೆದರೆ ಆಗದು, ಒಂದೊಂದು ಅಂಶದಲ್ಲಿ ಎರಡನ್ನೂ ಎದುರುಬದುರು ಇಡಬೇಕು. 'ಇಲಸ್ಟ್ರೇಟ್' ಎಂಬುದು ಉದಾಹರಣೆಯನ್ನು ಕೇಳುತ್ತದೆ. 'ಅಕೌಂಟ್ ಫಾರ್' ಎಂದರೆ ಕಾರಣ ಕೊಡಿ. ಅದಕ್ಕೂ ಲೆಕ್ಕಪತ್ರಕ್ಕೂ ಸಂಬಂಧವಿಲ್ಲ. 'ಡಿರೈವ್' ಎಂದರೆ ಸೂತ್ರವನ್ನು ಕೊನೆಗೆ ಬರೆದರೆ ಸಾಲದು, ಅಲ್ಲಿಗೆ ಹೋದ ಹೆಜ್ಜೆಗಳೆಲ್ಲ ಬೇಕು.

ಚಿಕ್ಕದಾಗಿ ಕಂಡು ಮೋಸ ಮಾಡುವ ಪದ 'ಸ್ಟೇಟ್'. ಅದು ರಾಜ್ಯವೂ ಹೌದು, ಘನ ದ್ರವ ಅನಿಲಗಳ ಸ್ಥಿತಿಯೂ ಹೌದು. ಪ್ರಶ್ನೆಯ ಮೊದಲಿಗೆ ಬಂದಾಗ ಮಾತ್ರ ಅದು 'ನಿರೂಪಿಸಿ'. ವಿವರಣೆ ಬೇಡ, ಚಿತ್ರ ಬೇಡ, ನಿಯಮವನ್ನು ಪೂರ್ಣವಾಗಿ ಒಂದು ವಾಕ್ಯದಲ್ಲಿ ಹೇಳಬೇಕು. 'ಸ್ಟೇಟ್ ಓಮ್ಸ್ ಲಾ' ಎಂಬ ಪ್ರಶ್ನೆಗೆ ವಿಭವಾಂತರವನ್ನೂ ಪ್ರವಾಹವನ್ನೂ ಅನುಪಾತವನ್ನೂ ಬರೆದು, 'ಪ್ರೊವೈಡೆಡ್ ದಟ್' ಎಂದು ಆರಂಭವಾಗುವ ತಾಪದ ಷರತ್ತನ್ನು ಬಿಟ್ಟರೆ ನಿರೂಪಣೆ ಅಪೂರ್ಣ.